ಫೆಲಿಜ್ಮೀನಾ ಹೊತ್ತ ಮಣ್ಣು

ಫೆಲಿಜ್ಮೀನಾ ಹೊಲದಿಂದ ಮನೆಗೆ ಹೊರಡುವ ಮುನ್ನ ಕಾಲು ತೊಳೆಯುತ್ತಿದ್ದಳು. ಅದರಲ್ಲೇನು ವಿಶೇಷ ಎನ್ನಬೇಡಿ. ಹೊಲದ ಮೂಲೆಯಲ್ಲಿ ಒಂದು ತಗಡಿನ ಬೋಗುಣಿ ಇಟ್ಟುಕೊಂಡಿದ್ದಳು. ಅದರೊಳಗೆ ನಿಂತು ಪಾದ ಉಜ್ಜಿ, ಬೆರಳ ಸಂದಿಯ ಕೆಸರನ್ನೂ ಬಿಡದೆ ತೊಳೆದು, ಆ ರಾಡಿ ನೀರನ್ನು ಗೆಣಸಿನ ಬಳ್ಳಿಯ ಬುಡಕ್ಕೇ ಸುರಿದು, ಆಮೇಲೆ ಬೂಟು ಮೆಟ್ಟುತ್ತಿದ್ದಳು. ಅವಳ ಮಣ್ಣು ಅವಳ ಕಾಲಿಗೆ ಅಂಟಿಕೊಂಡು ಕೂಡ ಗಡಿ ದಾಟುವಂತಿರಲಿಲ್ಲ. ಊರವರು ನಗುತ್ತಿದ್ದರು. ನಕ್ಕವರೂ ತಮ್ಮ ಹೊಲದಂಚಿನಲ್ಲಿ ಬೂಟು ಬಡಿದೇ ಹೊರಡುತ್ತಿದ್ದರು ಬಿಡಿ.

ಮದೇರಾ ದ್ವೀಪದ ಉತ್ತರದ ಮಗ್ಗುಲಲ್ಲಿ ನಮ್ಮೂರು. ಹೆಸರು ಅಶಾದಾ, ಅಂದರೆ ಸಮತಟ್ಟು ಜಾಗ. ಹೆಸರಿಟ್ಟ ಪುಣ್ಯಾತ್ಮ ಯಾವ ಅಮಲಿನಲ್ಲಿದ್ದನೋ, ಒಂದು ಮೇಜು ಅಲುಗಾಡದಂತೆ ಇಡುವಷ್ಟು ಸಮತಟ್ಟು ಇಲ್ಲಿ ಎಲ್ಲೂ ಇಲ್ಲ. ಎಂದೋ ಬೆಂಕಿಯಾಗಿ ಉಕ್ಕಿ ಆರಿದ ಕರಿಕಲ್ಲಿನ ಗುಡ್ಡ ಇದು. ಬಿಸಿಲು ಮಳೆಗೆ ಆ ಕಲ್ಲು ಕೊಳೆತು, ಹಳದಿಯಾಗಿ, ಉಗುರಲ್ಲಿ ಕೆರೆದರೆ ಉದುರುತ್ತದೆ. ಹಾಗೆ ಉದುರಿದ್ದೇ ನಮ್ಮ ಮಣ್ಣು. ಒಂದು ಗೇಣು ಮಣ್ಣಾಗಲು ಎಷ್ಟು ತಲೆಮಾರು ಬೇಕೋ ದೇವರೇ ಬಲ್ಲ, ಜಾರಿ ಹೋಗಲು ಒಂದು ಮಳೆ ಸಾಕು. ಅದಕ್ಕೇ ಗುಡ್ಡಕ್ಕೆ ಅಡ್ಡಡ್ಡಲಾಗಿ ಕಲ್ಲಿನ ಗೋಡೆ ಕಟ್ಟಿ, ಅದರ ಬೆನ್ನಿಗೆ ಮಣ್ಣು ತುಂಬಿ, ಚಾಪೆಯಗಲದ ಹೊಲ ಮಾಡಿಕೊಂಡು ಬದುಕುವವರು ನಾವು.

ಫೆಲಿಜ್ಮೀನಾಳ ಹೊಲ ಇಪ್ಪತ್ತೆರಡು ಹೆಜ್ಜೆ ಉದ್ದ, ಐದು ಹೆಜ್ಜೆ ಅಗಲ. ಅವಳಪ್ಪ ಬರಿ ಬಂಡೆಯ ಮೇಲೆ ಗೋಡೆ ಕಟ್ಟಿ, ಹಳ್ಳದ ತಳದಿಂದ ಬುಟ್ಟಿ ಬುಟ್ಟಿ ಮಣ್ಣು ಹೊತ್ತು ತಂದು ಮಾಡಿದ್ದು. ಏಳನೆಯ ವರ್ಷಕ್ಕೆ ಅವಳ ತಲೆಯ ಮೇಲೂ ಸಿಂಬೆ ಬಂತು, ಸಿಂಬೆಯ ಮೇಲೆ ಪುಟ್ಟ ಬುಟ್ಟಿ ಬಂತು. ಅಪ್ಪ ಹೋದ ಮೇಲೆ ಅವಳೂ ಆ ಹೊಲವೂ ಇಬ್ಬರೇ ಉಳಿದರು. ಮದುವೆಯ ಮಾತು ಬಂದಿರಲಿಲ್ಲವೆಂದಲ್ಲ. ಪಕ್ಕದ ಕಣಿವೆಯಿಂದ ಒಬ್ಬ ಗಂಡು ನೋಡಲು ಬಂದಿದ್ದ. ನೋಡಲು ಲಕ್ಷಣವಾಗಿದ್ದ, ಮಾತೂ ಚೆನ್ನಾಗಿತ್ತು. ಗೋಡೆ ಕಟ್ಟಲು ಬರುತ್ತದೆಯೇ ಎಂದು ಇವಳು ಕೇಳಿದಳು. ತಾನು ದರ್ಜಿ ಎಂದ. ಕಾಫಿ ಕೊಟ್ಟು ಕಳಿಸಿದಳು. ಅದಕ್ಕಾಗಿ ಅವಳು ಒಂದು ದಿನವೂ ಹಲುಬಿದ್ದನ್ನು ನಾನು ಕೇಳಿಲ್ಲ.

ಅವಳ ಹೊಲದ ಕೆಳಗಿನದು ಎವಾರಿಸ್ತುವಿನ ಹೊಲ. ಮಕ್ಕಳಿಲ್ಲದ ವಿಧುರ, ಎಂಬತ್ತರ ಹತ್ತಿರದ ಮುದುಕ, ಊರಿಗೆಲ್ಲ ಮಾಮ. ಜಿಪುಣನೆಂದರೆ ಜಿಪುಣ. ಮಳೆ ನಿಂತ ಕೂಡಲೇ ಪೊರಕೆ ಹಿಡಿದು ಬಂದು, ದಾರಿಯ ಮೆಟ್ಟಿಲ ಮೇಲೆ ಇಳಿದು ನಿಂತ ಕೆಸರನ್ನೆಲ್ಲ ಗುಡಿಸಿ ತನ್ನ ಹೊಲಕ್ಕೆ ಸುರಿದುಕೊಳ್ಳುತ್ತಿದ್ದ. ಅದರಲ್ಲಿ ಅರ್ಧ ತನ್ನದೇ ಎಂದು ಫೆಲಿಜ್ಮೀನಾ ಮೇಲಿನಿಂದ ಕೂಗುವಳು. ಹೆಸರು ಬರೆದಿದ್ದರೆ ತೋರಿಸು ಎಂದು ಅವನು ಕೆಳಗಿನಿಂದ ಕೂಗುವನು. ಮೂವತ್ತು ವರ್ಷ ಇದೇ ಜಗಳ. ಒಂದು ದಿನ ಜಗಳವಿಲ್ಲದಿದ್ದರೆ ಇಬ್ಬರಿಗೂ ಊಟ ಸೇರುತ್ತಿರಲಿಲ್ಲ.

ಮಣ್ಣಿನ ವಿಷಯದಲ್ಲಿ ನಮ್ಮೂರಿಗೆ ಒಂದು ಕಟ್ಟಳೆ ಇತ್ತು. ಮೇಲಿನವನ ಗೋಡೆ ಬಿದ್ದು ಮಣ್ಣು ಕೆಳಗಿನವನ ಹೊಲಕ್ಕೆ ಇಳಿದರೆ, ಕೆಳಗಿನವನು ಅದರಲ್ಲಿ ಬೀಜ ಊರುವ ತನಕ ಅದು ಮೇಲಿನವನದೇ. ಹೊತ್ತುಕೊಂಡು ಹೋಗಬಹುದು. ಒಂದು ಕಾಳು ಊರಿದನೋ, ಮುಗಿಯಿತು, ಅಷ್ಟೂ ಕೆಳಗಿನವನದು. ಕಾಗದವಿಲ್ಲ, ಸಾಕ್ಷಿ ಬೇಕಿಲ್ಲ, ಯಾರೂ ತಕರಾರು ತೆಗೆಯುತ್ತಿರಲಿಲ್ಲ.

ಫೆಲಿಜ್ಮೀನಾಳಿಗೆ ಐವತ್ತೆರಡಾದ ವರ್ಷ, ಫೆಬ್ರವರಿಯಲ್ಲಿ, ಮೂರು ದಿನ ಎಡೆಬಿಡದೆ ಮಳೆ ಹೊಡೆಯಿತು. ನಾಲ್ಕನೆಯ ಬೆಳಿಗ್ಗೆ ಅವಳು ಹೋಗಿ ನೋಡಿದರೆ ಗೋಡೆಯೂ ಇಲ್ಲ, ಹೊಲವೂ ಇಲ್ಲ. ಕೊಳೆತ ಹಳದಿ ಬಂಡೆ ಚರ್ಮ ಸುಲಿದ ಹಾಗೆ ಬೆತ್ತಲೆ ನಿಂತಿತ್ತು. ಅಪ್ಪ ಹೊತ್ತದ್ದು, ತಾನು ಹೊತ್ತದ್ದು, ಎಲ್ಲ ಎವಾರಿಸ್ತುವಿನ ಹೊಲದ ಮೇಲೆ ದಿಬ್ಬವಾಗಿ ಬಿದ್ದಿತ್ತು. ಆ ದಿಬ್ಬದ ಪಕ್ಕ ಎವಾರಿಸ್ತು ನಿಂತಿದ್ದ, ಕೈ ಜೇಬಿನಲ್ಲಿತ್ತು. ಅವನ ಜೇಬಿನಲ್ಲಿ ಸದಾ ಹುರುಳಿಕಾಯಿ ಬೀಜ ಇರುತ್ತದೆಂದು ಊರಿಗೇ ಗೊತ್ತು. ಅಷ್ಟು ದೂರದಿಂದ ಅವಳೇನು ತಾನೆ ಮಾಡಬಲ್ಲಳು?

ಅವನು ತಲೆಯೆತ್ತಿ ನೋಡಿದ.

"ಬಾಯಿ ಬಿಟ್ಕೊಂಡು ಏನ್ ನೋಡ್ತೀಯ, ಹುಡುಗಿ? ಮೊದ್ಲು ಗೋಡೆ ಕಟ್ಕೋ. ಮಣ್ಣು ಆಮೇಲೆ."

ಗೋಡೆಗೆ ಮೂರು ವಾರ ಬೇಕಾಯಿತು. ಚಿಕ್ಕಪ್ಪನ ಮಗಳು ಇದಲೀನಾ ಕಲ್ಲು ಎತ್ತಿಕೊಡುವಳು, ಫೆಲಿಜ್ಮೀನಾ ಒಂದೊಂದನ್ನೂ ತಿರುಗಿಸಿ ಮುರುಗಿಸಿ ಕೂರಿಸುವಳು. ಕೈ ಕಲ್ಲಿನ ಮೇಲಿದ್ದರೂ ಕಣ್ಣು ಕೆಳಗೇ. ಆಲೂಗಡ್ಡೆ ಹಾಕುವ ಕಾಲ ಅದು. ಊರೆಲ್ಲ ಬಿತ್ತುತ್ತಿತ್ತು, ಎವಾರಿಸ್ತು ಮಾತ್ರ ತನ್ನ ಹೊಲದ ಪಕ್ಕದ ಬೆಂಚಿನ ಮೇಲೆ ಕುಳಿತು ಬೇಯಿಸಿದ ಗೆಣಸು ತಿನ್ನುತ್ತಿದ್ದ. ಯಾಕೆ ಬಿತ್ತುತ್ತಿಲ್ಲ ಎಂದು ಕೇಳಿದವರಿಗೆ ಸೊಂಟ ಹಿಡಿದಿದೆ ಎನ್ನುತ್ತಿದ್ದ. ಅದೇ ಸೊಂಟದಲ್ಲಿ ಅವನು ಗೊಬ್ಬರದ ಮೂಟೆ ಹೊತ್ತದ್ದನ್ನು ಇದಲೀನಾ ಕಣ್ಣಾರೆ ಕಂಡಿದ್ದಳು.

"ಅಕ್ಕ, ಆ ಮುದುಕನ್ನ ನಂಬ್ಕೋಬೇಡ," ಎಂದಳು ಇದಲೀನಾ. "ಮೆಟ್ಟಿಲು ಗುಡಿಸಿ ಮಣ್ಣು ತಿನ್ನೋನು, ಇಷ್ಟು ದೊಡ್ಡ ಗುಡ್ಡೆ ಬಿಡ್ತಾನಾ? ಯಾವತ್ತೋ ಒಂದಿನ ಊರಿಬಿಡ್ತಾನೆ ನೋಡು."

ಫೆಲಿಜ್ಮೀನಾ ಮುಂದಿನ ಕಲ್ಲು ಕೂರಿಸಿದಳು. ಆದರೆ ಮಾತು ಹುಳದ ಹಾಗೆ ಒಳಗೆ ಹೊಕ್ಕಿತು. ಗೋಡೆಯ ಕೊನೆಯ ಕಲ್ಲು ಕೂತ ಮರುದಿನ ಬೆಳಕು ಹರಿಯುವ ಮೊದಲೇ ಅವಳು ಬುಟ್ಟಿ, ಗುದ್ದಲಿ ಹಿಡಿದು ಇಳಿದಳು. ತುಂಬುವುದು, ಸಿಂಬೆ ಸರಿಮಾಡಿಕೊಳ್ಳುವುದು, ಎಪ್ಪತ್ತೊಂದು ಮೆಟ್ಟಿಲು ಹತ್ತುವುದು, ಸುರಿಯುವುದು, ಇಳಿಯುವುದು. ಎವಾರಿಸ್ತು ಬೆಂಚಿನಿಂದ ಏನಾದರೂ ಕಿಚಾಯಿಸಿದರೆ ಉತ್ತರ ಕೊಡಲೂ ನಿಲ್ಲುತ್ತಿರಲಿಲ್ಲ. ಮೂವತ್ತು ವರ್ಷದಲ್ಲಿ ಅವಳು ಜಗಳಕ್ಕೆ ಬಾರದೆ ಹೋದದ್ದು ಅದೇ ಮೊದಲು. ಮುದುಕ ಸಪ್ಪಗಾದ.

ಒಂಬತ್ತು ದಿನ ಹೊತ್ತಳು. ಒಂಬತ್ತೂ ದಿನ ಜಿಟಿಜಿಟಿ ಮಳೆ. ಹಸಿಯಾದಾಗ ನಮ್ಮ ಮಣ್ಣೆಲ್ಲ ಒಂದೇ ಬಣ್ಣ. ಹತ್ತನೆಯ ದಿನ ಬಿಸಿಲು ಬಿತ್ತು, ಹೊಲ ಒಣಗಿತು. ಆಲೂಗಡ್ಡೆಗೆ ಸಾಲು ಹೊಡೆಯಲು ಹೋದವಳು ಗೋಡೆಯ ಅಂಚಿನಲ್ಲಿ ಹಾಗೇ ನಿಂತುಬಿಟ್ಟಳು. ಅವಳ ಮಣ್ಣು ಕೆಂಪು. ಅಂಚಿನುದ್ದಕ್ಕೂ ಎರಡು ಹೆಜ್ಜೆ ಅಗಲ ಬಿದ್ದಿದ್ದ ಮಣ್ಣು ಕಪ್ಪು. ಬಾಗಿ ಕೈಯಾಡಿಸಿದಳು. ಮೀನಿನ ಮುಳ್ಳುಗಳು ಸಿಕ್ಕವು. ಹೊಲಕ್ಕೆ ಮೀನಿನ ಮುಳ್ಳು ಹೂಳುವವನು ಊರಲ್ಲಿ ಎವಾರಿಸ್ತು ಒಬ್ಬನೇ. ಆತುರದಲ್ಲಿ ದಿಬ್ಬ ಮುಗಿದದ್ದೂ ತಿಳಿಯದೆ, ಅವನ ಹೊಲವನ್ನೇ ಕೆರೆದು ಕೆರೆದು ಹೊತ್ತಿದ್ದಳು. ಕಡಿಮೆಯೆಂದರೂ ನಲವತ್ತು ಬುಟ್ಟಿ.

ನಮ್ಮೂರಲ್ಲಿ ಕೋಳಿ ಕದ್ದವನನ್ನು ಕ್ಷಮಿಸುತ್ತಾರೆ. ಹೆಂಡತಿಯನ್ನು ಹಾರಿಸಿಕೊಂಡು ಹೋದವನನ್ನೂ ಹತ್ತು ವರ್ಷ ಬಿಟ್ಟು ಹಬ್ಬಕ್ಕೆ ಕರೆಯುತ್ತಾರೆ. ಮಣ್ಣು ಕದ್ದವರ ಮನೆಯಲ್ಲಿ ನೀರೂ ಕುಡಿಯುವುದಿಲ್ಲ. ಸುಮ್ಮನೆ ಮಣ್ಣು ಮಗುಚಿ ಆಲೂಗಡ್ಡೆ ಹಾಕಿಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹಾಗೆ ಮಾಡಿದ್ದರೆ ಅವಳು ಫೆಲಿಜ್ಮೀನಾ ಆಗುತ್ತಿರಲಿಲ್ಲ. ಬಿತ್ತನೆ ಅಲ್ಲಿಗೇ ಬಿಟ್ಟು, ಕಾಲು ತೊಳೆಯುವುದನ್ನೂ ಮರೆತು, ಮೆಟ್ಟಿಲಿಳಿದು ಬೆಂಚಿನ ಮುಂದೆ ನಿಂತಳು.

"ಮಾಮ, ನಿಮ್ಮ ಮಣ್ಣು ಹೊತ್ಕೊಂಡು ಹೋಗಿದೀನಿ. ಬೇಕಂತ ಅಲ್ಲ. ಇವತ್ತೇ ವಾಪಸ್ ತಂದು ಹಾಕ್ತೀನಿ."

"ಗೊತ್ತು," ಎಂದ ಎವಾರಿಸ್ತು. "ಎಂಟನೇ ದಿನ ಮಧ್ಯಾಹ್ನದಿಂದ ನೀನು ನಂದೇ ಹೊರ್ತಾ ಇದ್ದೆ. ನಾನು ನೋಡ್ತಾನೇ ಇದ್ದೆ."

"ನೋಡ್ಕೊಂಡು ಸುಮ್ನೆ ಕೂತಿದ್ರಾ? ಒಂದು ಮಾತು ಅನ್ನಬಾರದಿತ್ತಾ?"

"ಅಂದಿದ್ರೆ ನೀನು ನಿಲ್ಲಿಸ್ತಿದ್ದೆ."

ಅವಳಿಗೆ ಅರ್ಥವಾಗಲಿಲ್ಲ. ಮುದುಕ ತನ್ನ ಹೊಲದ ಕೆಳಗಿನ ಗೋಡೆಯನ್ನು ಗದ್ದದಲ್ಲೇ ತೋರಿಸಿದ. ನಾಲ್ಕು ಕಡೆ ಅದು ಬಸುರಿಯ ಹೊಟ್ಟೆಯಂತೆ ಉಬ್ಬಿತ್ತು. ಅದರಾಚೆ ಹೊಲವಿಲ್ಲ, ಮನೆಯಿಲ್ಲ. ಕಡಿದಾದ ಬಂಡೆ, ಅದರ ಬುಡದಲ್ಲಿ ಕಡಲು.

"ನಿನ್ನ ಗೋಡೆ ಬಿತ್ತು, ಕೆಳಗೆ ನಾನಿದ್ದೆ. ನನ್ನದು ಬಿದ್ರೆ ಕೆಳಗೆ ಯಾರಿದ್ದಾರೆ ಹೇಳು? ಹೊತ್ಕೊಂಡು ಬರೋಕೆ ನನ್ನ ಕೈಲಾಗಲ್ಲ, ನನ್ನ ಹಿಂದೆ ಯಾರೂ ಇಲ್ಲ. ನೀನು ಮೇಲಕ್ಕೆ ಒಯ್ದಷ್ಟು ಉಳೀತು, ಕೂಸೇ."

ಫೆಲಿಜ್ಮೀನಾ ಅಲ್ಲೇ ನೆಲದ ಮೇಲೆ ಕುಳಿತು ಅತ್ತಳು. ಅಪ್ಪನನ್ನು ಮಣ್ಣು ಮಾಡಿದಾಗಲೂ ಅಷ್ಟು ಅತ್ತಿರಲಿಲ್ಲವಂತೆ, ಅವಳೇ ಹೇಳಿದ ಮಾತು. ಇಷ್ಟು ದಿನ ಈ ಮನುಷ್ಯನ ಮೇಲೆ ಕಣ್ಣಿಟ್ಟು ಶಂಕಿಸಿದೆನಲ್ಲ ಎಂಬ ನಾಚಿಕೆ ಒಂದು ಕಡೆ. ತನಗೆ ಈ ಮುದುಕನೆಂದರೆ ಎಷ್ಟು ಇಷ್ಟ ಎಂದು ಐವತ್ತೆರಡನೆಯ ವಯಸ್ಸಿನಲ್ಲಿ ತಿಳಿಯಿತಲ್ಲ ಎಂಬುದು ಇನ್ನೊಂದು ಕಡೆ. ಅಳು ನಿಲ್ಲುವವರೆಗೆ ಎವಾರಿಸ್ತು ಕಾದ. ಆಮೇಲೆ, ಎಡಗಡೆ ಮೂಲೆಯ ಮಣ್ಣು ಇನ್ನೂ ಚೆನ್ನಾಗಿದೆ, ನಾಳೆ ಅಲ್ಲಿಂದ ಶುರುಮಾಡು ಎಂದ.

ಅಲ್ಲಿಂದ ಆರು ವರ್ಷ, ಪ್ರತಿ ಬೇಸಿಗೆಯ ಕೊಯ್ಲು ಮುಗಿದ ಮೇಲೆ, ಅವಳು ಅವನ ಹೊಲದ ಮಣ್ಣನ್ನು ಮೇಲಕ್ಕೆ ಹೊತ್ತಳು. ಅದನ್ನು ಹಿಡಿಯಲು ತನ್ನ ಗೋಡೆಯನ್ನು ಮೊಣಕಾಲೆತ್ತರ ಏರಿಸಿದಳು. ಅವನ ಮಡಿಕೆಗೆ ಬೇಕಾದಷ್ಟು ಎಲೆಕೋಸು, ಗೆಣಸು ಮೇಲಿನ ಹೊಲದಿಂದ ಇಳಿದು ಬರುತ್ತಿತ್ತು. ಅವನು ಬೆಂಚಿನ ಮೇಲೆ ಕುಳಿತು, ಬುಟ್ಟಿ ಪೂರ್ತಿ ತುಂಬಿಲ್ಲ, ನಡಿಗೆ ನೋಡು ಬಾತುಕೋಳಿ ಹಾಗೆ, ನಿಮ್ಮಪ್ಪ ಇದರ ಎರಡರಷ್ಟು ಹೊರುತ್ತಿದ್ದ ಎಂದೆಲ್ಲ ಕಿಚಾಯಿಸುವನು. ಅವಳು ಬುಟ್ಟಿ ತಲೆಯ ಮೇಲಿರುವಾಗಲೇ ತಿರುಗಿ ಉತ್ತರ ಕೊಡುವಳು. ಇಬ್ಬರಿಗೂ ಊಟ ಸೇರುತ್ತಿತ್ತು.

ಏಳನೆಯ ವರ್ಷ ಎವಾರಿಸ್ತು ತೀರಿಕೊಂಡ. ಅದರ ಮುಂದಿನ ಚಳಿಗಾಲ ಮತ್ತೆ ಅಂಥದೇ ಮಳೆ ಬಂತು, ಅವನ ಗೋಡೆ ಕಡಲಿಗೆ ಬಿತ್ತು. ಊರೆಲ್ಲ ಮೇಲೆ ನಿಂತು ನೋಡಿತು. ಕಡಲಂಚಿನ ಗೋಡೆ ಬಿದ್ದರೆ ನಮ್ಮ ಕಡಲು ಮಣ್ಣು ಕದಡಿ ಕಪ್ಪಾಗಿ ಎರಡು ದಿನ ತಿಳಿಯಾಗುವುದಿಲ್ಲ. ಅವತ್ತು ಕಲ್ಲು ಬಿದ್ದ ಸದ್ದಾಯಿತು, ನೊರೆ ಎದ್ದಿತು, ನೀರು ಇದ್ದ ಹಾಗೇ ನೀಲಿಯಾಗಿತ್ತು.