ಉಣ್ಣುವ ಕೈ

೧೪ ಮಾರ್ಚ್ ೧೯೯೧, ಬೆಳಿಗ್ಗೆ ಏಳೂವರೆ. ರಬಕವಿ.

ಮಗ್ಗದ ಕೋಣೆಯ ಅಟ್ಟ ಗುಡಿಸುವಾಗ ಒಂದು ಚಮಚ ಸಿಕ್ಕಿತು. ಹಿಡಿಗೆ ಹರಕು ನೂಲು ದಪ್ಪಗೆ ಸುತ್ತಿದೆ. ಮೂಗಿಗೆ ಹಿಡಿದರೆ ಇನ್ನೂ ನೂಲಿಗೆ ಹಾಕಿದ ಗಂಜಿಯ ಹುಳಿ ವಾಸನೆ. ಸುತ್ತಿದವರು ತಂಗಿಗೆ ಕಲಿಸಲು ಬರುತ್ತಿದ್ದ ಅಕ್ಕೋರು.

ನಾನಾಗ ಐದನೆಯ ಇಯತ್ತೆಯಲ್ಲಿದ್ದೆ. ತಂಗಿಗೆ ಏಳು ವರ್ಷ. ಹುಟ್ಟಿನಿಂದಲೇ ಅವಳ ಕೈಗಳು ಬಿಗಿದು ಮುಷ್ಟಿಯಾಗಿದ್ದವು. ಅವ್ವನೇ ಉಣಿಸಬೇಕು. ಉಣ್ಣುವುದು, ಗುಂಡಿ ಹಾಕಿಕೊಳ್ಳುವುದು, ತಲೆ ಬಾಚಿಕೊಳ್ಳುವುದು, ಇಂಥ ದಿನದ ಕೆಲಸಗಳನ್ನು ಅಂಥ ಮಕ್ಕಳಿಗೆ ರೂಢಿ ಮಾಡಿಸುವ ತರಬೇತಿ ಅಕ್ಕೋರಿಗೆ ಆಗಿತ್ತು. ಗುರುವಾರಕ್ಕೊಮ್ಮೆ ಮಹಾಲಿಂಗಪುರದಿಂದ ಬರುತ್ತಿದ್ದರು. "ಉಣ್ಣೂದು ಕಲಸಾಕ ಬಸ್ ಹತ್ತಿ ಬರತಾರ ನೋಡ್ರೆವಾ!" ಎಂದು ಓಣಿಯ ಹೆಂಗಸರು ನಗುತ್ತಿದ್ದರು.

ತೆಳು ಹಿಡಿ ತಂಗಿಯ ಮುಷ್ಟಿಯಲ್ಲಿ ನಿಲ್ಲುವುದಿಲ್ಲವೆಂದು ಅಕ್ಕೋರು ನೂಲು ಸುತ್ತಿ ಅದನ್ನು ದಪ್ಪ ಮಾಡಿದರು. ಅವಳ ಮೊಣಕೈಯನ್ನು ಮಣೆಯ ಮೇಲೆ ಊರಿಸಿ, "ಇದು ನಿನ್ನ ಲಾಳಿ ನೋಡವಾ, ಮಗ್ಗದಾಗ ಅತ್ತಿತ್ತ ಓಡತೈತಲ್ಲ, ಹಂಗ. ಗಂಗಾಳದಿಂದ ಬಾಯಿಗೆ, ಬಾಯಿಂದ ಗಂಗಾಳಕ್ಕ. ಎಳಿ ಹರೀಬಾರದು!" ಎನ್ನುತ್ತಿದ್ದರು. ತಂಗಿ ಕೇಕೆ ಹಾಕಿ ನಗುವಳು. ಅವಳು ತಾನೇ ಉಂಡ ತುತ್ತಿಗೊಂದರಂತೆ ನಾನು ಗೋಡೆಗೆ ಇದ್ದಿಲಿನ ಗೀಟು ಎಳೆಯುತ್ತಿದ್ದೆ. ದೀಪಾವಳಿಯ ಹೊತ್ತಿಗೆ ಒಂದೇ ಊಟಕ್ಕೆ ಹನ್ನೊಂದು ಗೀಟು...

ಅದನ್ನು ಕಂಡು ಅಪ್ಪ ಹಿಗ್ಗಿದ. ನೇಕಾರರ ಮನೆಯಲ್ಲಿ ಮಗುವಿಗೆ ಕೈ ಬಂತೆಂದರೆ ನೂಲು ಸುತ್ತುವ ರಾಟೆಯ ಮುಂದೆ ಕೂಡಿಸುವುದು ರೂಢಿ. ನನ್ನನ್ನೂ ಹಾಗೇ ಕೂಡಿಸಿದ್ದ. ತಂಗಿಯನ್ನೂ ಕೂಡಿಸಿದ.

"ಇದಿನ್ನೂ ಉಣ್ಣೂ ಕೈ ರೀ, ದುಡಿಯೂ ಕೈ ಅಲ್ಲ" ಎಂದರು ಅಕ್ಕೋರು. "ದಿನಾಪೂರ್ತಿ ತಿರುವಿದರ ಮತ್ತ ಬಿಗೀತೈತಿ."

"ದುಡೀಲಾರದ ಉಣ್ಣಾಕ ನಾವೇನು ಸಾವಕಾರ್ರೇನ್ರಿ ಅಕ್ಕೋರ?" ಅಪ್ಪ ನಗುತ್ತಲೇ ಅಂದ. "ಕಲತಾಳ ಬಿಡ್ರಿ. ಇನ್ನ ಯಾಕ ತ್ರಾಸ ತಗೋತೀರಿ?"

ಅಕ್ಕೋರು ಮತ್ತೆ ಬರಲಿಲ್ಲ.

ಸಂಕ್ರಾಂತಿಗೆ ಗೀಟು ನಾಲ್ಕಕ್ಕಿಳಿದವು. ಹೋಳಿ ಹುಣ್ಣಿಮೆಗೆ ಒಂದೂ ಇಲ್ಲ. ಮಣಿಕಟ್ಟು ಒಳಕ್ಕೆ ಮುರುಟಿತ್ತು. ಅಪ್ಪ ರಾಟೆ ಬಿಡಿಸಿದ. ತಾನೇ ಮಹಾಲಿಂಗಪುರಕ್ಕೆ ಹೋಗಿ ಹುಡುಕಿದ. ಅಕ್ಕೋರು ಊರು ಬಿಟ್ಟಿದ್ದರು. ಬಂದವನು ಚಮಚವನ್ನು ಅಟ್ಟಕ್ಕೆ ಎಸೆದ...

ಮರುವರ್ಷ ತಂಗಿ ಜ್ವರದಲ್ಲಿ ಹೋದಳು. ಕೊನೆಯ ದಿನಗಳಲ್ಲಿ ಅವ್ವ ಅಂಬಲಿ ಕುಡಿಸುವಾಗ, ಪ್ರತಿ ಗುಟುಕಿಗೂ ಅವಳ ಖಾಲಿ ಮುಷ್ಟಿ ಬಾಯಿಯವರೆಗೆ ಏಳಲು ನೋಡುತ್ತಿತ್ತು.

ಗೋಡೆಗೆ ಸುಣ್ಣ ಬಳಿದಾಗಿದೆ, ಗೀಟುಗಳಿಲ್ಲ. ಅಕ್ಕೋರು ಈಗ ಎಲ್ಲಿದ್ದಾರೆಂದು ಬಲ್ಲವರು ಯಾರಾದರೂ ಇದನ್ನು ಓದಿದರೆ ನನಗೆ ಒಂದು ಸಾಲು ಬರೆಯಿರಿ. ಆ ಮುಷ್ಟಿಯ ಸಂಗತಿ ಅವರಿಗೆ ಮುಟ್ಟಬೇಕು.