ಚಿಟಿಕೆ ಉಪ್ಪಿನ ನೀಲಿ ಕಾಯುವ ಪೇಚ್ಚಿಯಮ್ಮಾಳ್

ತೂತುಕುಡಿಯ ಉಪ್ಪಿನ ಆಗರಗಳ ಮೇಲೆ ಇನ್ನೂ ಸೂರ್ಯ ಹುಟ್ಟಿಲ್ಲ. ಉಪ್ಪಿನ ರಾಶಿಗಳು ಮಾತ್ರ ಆಗಲೇ ಬೆಳ್ಳಗೆ ಹೊಳೆಯುತ್ತಿವೆ. ಕಾರ್ಖಾನೆಯ ತಗಡಿನ ಮಾಡಿನ ಕೆಳಗೆ ಬೆಲ್ಟು ಗಡಗಡನೆ ಓಡುತ್ತಿದೆ. ಅದರ ಮೇಲೆ ಸಾಗುವ ಉಪ್ಪಿಗೆ ಸಣ್ಣ ಕೊಳವೆಗಳಿಂದ ಅಯೋಡಿನ್ ಬೆರೆತ ನೀರು ತುಂತುರಾಗಿ ಬೀಳುತ್ತಿದೆ. ತುದಿಯಲ್ಲಿ ನಿಂತ ಪೇಚ್ಚಿಯಮ್ಮಾಳ್ ಒಂದು ಚಿಟಿಕೆ ಉಪ್ಪು ತೆಗೆದು ತಟ್ಟೆಗೆ ಹಾಕಿ, ಒತ್ತಿ ಸಮ ಮಾಡಿ, ಸೀಸೆಯಿಂದ ಪರೀಕ್ಷೆಯ ದ್ರಾವಣದ ಒಂದು ತೊಟ್ಟು ಬಿಡುತ್ತಾರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಬಿಳಿ ಉಪ್ಪು ಕಡು ನೀಲಿಯಾಗುತ್ತದೆ.

ನೋಡಿದವರ ಬಾಯಿಂದ 'ಅಬ್ಬಾ' ತಾನಾಗಿ ಹೊರಡುತ್ತದೆ. ಎಷ್ಟೋ ವರ್ಷಗಳಿಂದ ಇದೇ ಕೆಲಸ ಮಾಡುತ್ತಿರುವ ಪೇಚ್ಚಿಯಮ್ಮಾಳ್ ಕೂಡ ತಟ್ಟೆಯಿಂದ ಕಣ್ಣು ಕೀಳುವುದಿಲ್ಲ.

"ನಂಗೂ ದಿನಾ ಹಂಗೇ ಆಗುತ್ತೆ ನೋಡಿ. ನೀಲಿ ಬಂತು ಅಂದ್ರೆ ಲಾರಿ ಹೊರಡ್ಲಿ ಅಂತೀನಿ. ಬಣ್ಣ ತೆಳುವಾದ್ರೆ ಬೆಲ್ಟ್ ನಿಲ್ಸು ಅಂತ ಕೂಗ್ತೀನಿ. ಮೇಸ್ತ್ರಿ ಬೈಕೋತಾನೆ. ಬೈಕೊಳ್ಲಿ, ಅವನಿಗೂ ಬಾಯಿದೆಯಲ್ಲ" ಎಂದು ನಗುತ್ತಾರೆ.

ಆ ನೀಲಿಯ ಹಿಂದೆ ಇರುವುದು ಕಣ್ಣಿಗೆ ಕಾಣದಷ್ಟು ಅಯೋಡಿನ್. ಅದು ಸಿಗದಿದ್ದರೆ ಗಂಟಲಲ್ಲಿ ಗಳಗಂಡ ಊದಿಕೊಳ್ಳಬಹುದು. ಬಸುರಿಗೆ ತೀರಾ ಕೊರತೆಯಾದರೆ ಹೊಟ್ಟೆಯಲ್ಲಿರುವ ಕೂಸಿನ ಬುದ್ಧಿ ಬೆಳೆಯುವುದೇ ಕಷ್ಟ. ಇಷ್ಟು ದೊಡ್ಡ ಭಾರವನ್ನು ಇಷ್ಟು ಚಿಕ್ಕ ಚಿಟಿಕೆ ಹೊತ್ತಿದೆ ಎಂಬುದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ.

ಪೇಚ್ಚಿಯಮ್ಮಾಳ್ ಹುಟ್ಟಿದ್ದು, ಬೆಳೆದದ್ದು, ಮದುವೆಯಾದದ್ದು ಎಲ್ಲ ಆಗರದ ಅಂಚಿನಲ್ಲೇ. ಮೊದಲು ಕಡಲ ನೀರು ನಿಲ್ಲಿಸಿದ ಪಾತಿಗೆ ಇಳಿದು ಉಪ್ಪು ಎಳೆಯುತ್ತಿದ್ದರು. ಪಾದ ಬಿರಿದು, ಬಿರುಕಿಗೆ ಉಪ್ಪುನೀರು ಇಳಿದು, ಕಣ್ಣಿಗೆ ಬಿಸಿಲಿನ ಝಳ ಹೊಡೆದು ಸಾಕುಸಾಕಾಗಿತ್ತು. ಗಂಡ ತೀರಿಕೊಂಡ ಮೇಲೆ ಬೆಲ್ಟಿನ ಬಳಿ ಕೆಲಸ ಸಿಕ್ಕಿತು. ತೊಟ್ಟು ಬಿಟ್ಟು ಬಣ್ಣ ನೋಡುವುದನ್ನು ಅಲ್ಲಿಗೆ ಬಂದ ತಪಾಸಣೆಯ ಹುಡುಗಿಯೊಬ್ಬಳು ತಾಳ್ಮೆಯಿಂದ ಹೇಳಿಕೊಟ್ಟಳು.

ಆಗರದವರಲ್ಲಿ ಒಂದು ರೂಢಿ ಇದೆ. ಮಳೆ ಕಳೆದು ಹಂಗಾಮಿನ ಮೊದಲ ಉಪ್ಪು ಎದ್ದಾಗ ಹೆಂಗಸರೆಲ್ಲ ಅದನ್ನು ಮಡಿಲು ತುಂಬ ಕಟ್ಟಿಕೊಂಡು ಮನೆಗೆ ಒಯ್ಯುತ್ತಾರೆ. ಅಡುಗೆಗೆ ಅದೇ. ತೀರಿದರೆ ಮತ್ತೆ ಪಾತಿಯಿಂದಲೇ. ಅಂಗಡಿಯ ಉಪ್ಪು ತಂದ ಹೆಂಗಸನ್ನು ಕೇರಿಯಲ್ಲಿ ಆಡಿಕೊಂಡು ನಗುತ್ತಾರೆ. ಹೀಗಾಗಿ ಊರೂರಿಗೆ ಹೋಗುವ ಉಪ್ಪಿಗೆ ನೀಲಿ ಇದೆಯೇ ಎಂದು ನೋಡುತ್ತಿದ್ದ ಪೇಚ್ಚಿಯಮ್ಮಾಳ್ ಮನೆಯ ಸಾರಿಗೆ ಮಾತ್ರ ತುಂತುರು ಕಾಣದ ಉಪ್ಪು ಬೀಳುತ್ತಿತ್ತು. ಅದು ಅವರಿಗೆ ಹೊಳೆದೇ ಇರಲಿಲ್ಲ.

ಸೊಸೆ ಇಸಕ್ಕಿಗೆ ಮೊದಲ ಬಸಿರು ನಿಲ್ಲಲಿಲ್ಲ. ಮರುವರ್ಷ ಮತ್ತೆ ಬಸುರಾದಾಗ ಕುತ್ತಿಗೆ ಕೊಂಚ ಊದಿಕೊಂಡಿತ್ತು. ಆಸ್ಪತ್ರೆಯ ಡಾಕ್ಟರಮ್ಮ ಗಂಟಲು ಮುಟ್ಟಿ ನೋಡಿ, ಮನೆಯಲ್ಲಿ ಯಾವ ಉಪ್ಪು ಎಂದು ಕೇಳಿದರು.

"'ನಮ್ಮ ಆಗರದ್ದೇ' ಅಂತ ಜಂಬದಿಂದ ಹೇಳ್ದೆ. ಸಮುದ್ರದ ಪಕ್ಕದಲ್ಲಿರೋ ನಮಗೆ ಎಂಥ ಕೊರತೆ ಅಂತ ನಂಗೆ. 'ಆ ಉಪ್ಪಿಗೆ ಅಯೋಡಿನ್ ಬೆರೆಸಿದೀರಾ' ಅಂತ ಕೇಳಿದ್ರು ಅವರು."

ಕಡಲಲ್ಲಿ ಅಯೋಡಿನ್ ಇದೆ, ನಿಜ. ಆದರೆ ನೀರು ಬಿಸಿಲಿಗೆ ಆರಿ ಉಪ್ಪಾಗುವ ಹೊತ್ತಿಗೆ ಅದರಲ್ಲಿ ಉಳಿಯುವುದು ಲೆಕ್ಕಕ್ಕಿಲ್ಲದಷ್ಟು. ಆವತ್ತು ಸಂಜೆ ಪೇಚ್ಚಿಯಮ್ಮಾಳ್ ಸೀಸೆಯನ್ನು ಮನೆಗೆ ತಂದರು. ಜಾಡಿಯ ಉಪ್ಪಿಗೆ ತೊಟ್ಟು ಬಿಟ್ಟರು. ಬಣ್ಣ ಬರಲಿಲ್ಲ. ಇನ್ನೊಂದು ತೊಟ್ಟು ಬಿಟ್ಟರು. ಬೆಳ್ಳಗೇ ಇತ್ತು.

"ಊರಿಗೆಲ್ಲ ಕಾವಲು ಕಾದು ನನ್ನ ಮನೆ ಬಾಗ್ಲೇ ತೆರೆದಿಟ್ಟಿದ್ದೆ. ಹೋದ ಕೂಸು ಇದ್ರಿಂದಾನೇ ಹೋಯ್ತಾ ಅಂತ ಡಾಕ್ಟರಮ್ಮನ್ನ ಕೇಳ್ದೆ. ಹಾಗಂತ ಹೇಳೋಕಾಗಲ್ಲಮ್ಮ, ಇರೋದನ್ನ ಕಾಪಾಡ್ಕೊಳ್ಳೋಣ ಅಂದ್ರು."

ಇಸಕ್ಕಿಗೆ ಮಾತ್ರೆ ಶುರುವಾಯಿತು. ಉಪ್ಪೂ ಬದಲಾಗಬೇಕಿತ್ತು. ಮೊದಲ ಉಪ್ಪನ್ನು ಬಿಡಲು ಪೇಚ್ಚಿಯಮ್ಮಾಳ್‌ಗೆ ಮನಸ್ಸಿಲ್ಲ, ಸೊಸೆಗೆ ಅದನ್ನೇ ಉಣ್ಣಿಸಲು ಧೈರ್ಯವಿಲ್ಲ. ಕೊನೆಗೆ ಈ ಹಂಗಾಮಿನಲ್ಲಿ ಮಡಿಲ ಉಪ್ಪನ್ನು ತಂದು ಬೆಲ್ಟಿಗೇ ಸುರಿದರು. ತುಂತುರಿನಲ್ಲಿ ನೆಂದು ಆ ತುದಿಯಲ್ಲಿ ಇಳಿದದ್ದನ್ನು ಮತ್ತೆ ಮಡಿಲಿಗೆ ತುಂಬಿಕೊಂಡರು. ಕೇರಿಯವರೆಲ್ಲ ಹೀಗೇ ಮಾಡಿ, ಆಮೇಲೆ ಉಪ್ಪನ್ನು ತೊಳೆಯಬೇಡಿ, ಮುಚ್ಚಿಡಿ ಎಂದು ಮನೆಮನೆಗೂ ಹೇಳಿ ಬಂದರು.

ಕೇರಿ ಸುಲಭಕ್ಕೆ ಬಗ್ಗಲಿಲ್ಲ. ಪಾತಿಯಲ್ಲಿ ಜೊತೆಗೆ ಉಪ್ಪೆಳೆದ ಮಾರಿಕ್ಕಣಿಯದೇ ದೊಡ್ಡ ಗಂಟಲು. "ಮೊದಲ ಉಪ್ಪಿಗೆ ಔಷಧಿ ಹೊಡಿತಾರೇನೇ? ಅದೇನು ಹತ್ತಿ ಹೊಲಾನಾ?" ಎಂದು ಬೀದಿಯಲ್ಲೇ ಕೂಗಿದರಂತೆ. "ಮೊದ್ಲು ನಿನ್ನ ಬಾಯಿಗೆ ಹೊಡೀಬೇಕು" ಎಂದು ಪೇಚ್ಚಿಯಮ್ಮಾಳ್ ಅಲ್ಲೇ ಉತ್ತರ ಕೊಟ್ಟರಂತೆ. ಆಮೇಲೆ ಇಬ್ಬರಿಗೂ ಮಾತಿಲ್ಲ.

ಈಗ ಇಸಕ್ಕಿಗೆ ಏಳನೇ ತಿಂಗಳು. ಇವತ್ತು ಭಾನುವಾರ, ಅವಳಿಗೆ ಬಳೆ ತೊಡಿಸುವ ಶಾಸ್ತ್ರ. ಈ ದಿನ ಕೇರಿಯ ಹೆಂಗಸರು ಬಗೆಬಗೆಯ ಅನ್ನ ಕಲಸಿ ತಂದು ಬಸುರಿಗೆ ಉಣಿಸಬೇಕು. ಒಂದು ಮನೆಯದನ್ನೂ ಬೇಡವೆನ್ನುವಂತಿಲ್ಲ. ತೆಂಗಿನಕಾಯಿ ಅನ್ನ, ನಿಂಬೆ ಅನ್ನ, ಮೊಸರನ್ನ ಸಾಲಾಗಿ ಬಂದು ಕೂರುತ್ತವೆ. ಯಾವ ಮನೆಯಲ್ಲಿ ಯಾವ ಉಪ್ಪೋ ಎಂದು ಅತ್ತೆಯ ಕಣ್ಣು ಪಾತ್ರೆಯಿಂದ ಪಾತ್ರೆಗೆ ಓಡುತ್ತದೆ. ಒಂದು ದಿನದ ಊಟದಿಂದ ಏನೂ ಆಗದು ಎಂದು ಅವರಿಗೆ ಗೊತ್ತು, ಆದರೂ ಜೀವ ಕೇಳದು.

ಕೊನೆಗೆ ಮಾರಿಕ್ಕಣಿ ಹುಣಸೆ ಅನ್ನದ ಪಾತ್ರೆ ಹಿಡಿದು ಒಳಗೆ ಬರುತ್ತಾರೆ. ಪೇಚ್ಚಿಯಮ್ಮಾಳ್ ಕಣ್ಣು ಆ ಪಾತ್ರೆಯ ಮೇಲೆ ನಿಲ್ಲುತ್ತದೆ.

"ಹಂಗೇನು ನೋಡ್ತೀಯೆ? ನಿನ್ನ ಬೆಲ್ಟಿನ ಉಪ್ಪೇ ಹಾಕಿದೀನಿ. ತೊಳ್ದೂ ಇಲ್ಲ. ನಮ್ಮ ಕೇರೀಲಿ ಯಾರೂ ಈಗ ಪಾತಿಯ ಹಸಿ ಉಪ್ಪು ಹಾಕಲ್ಲ, ಕೇಳ್ಕೋ. ನನ್ನ ಮಗಳೂ ನಾಳೆ ಬಸುರಿ ಆಗ್ತಾಳಲ್ಲ" ಎನ್ನುತ್ತಾರೆ ಮಾರಿಕ್ಕಣಿ.

ಪೇಚ್ಚಿಯಮ್ಮಾಳ್ ಆ ಪಾತ್ರೆಯಿಂದಲೇ ಮೊದಲ ತುತ್ತು ತೆಗೆದು ಸೊಸೆಯ ಬಾಯಿಗೆ ಇಡುತ್ತಾರೆ. ಸಂತೋಷಕ್ಕೆ ಕಣ್ಣು ತುಂಬಿ ಬಂದಿದೆ, ಒರೆಸಿಕೊಳ್ಳುವುದೂ ಇಲ್ಲ. ಗಂಡು ಬೇಕೋ ಹೆಣ್ಣು ಬೇಕೋ ಎಂದು ಯಾರೋ ಕೇಳುತ್ತಾರೆ.

"ಯಾವ್ದಾದ್ರೂ ಬರ್ಲಿ, ಚುರುಕಾಗಿರ್ಲಿ. ಬಾ ಇಲ್ಲಿ ಅಂತ ಕರೆದ್ರೆ ಓಡಿ ಬರೋದೇನೂ ಬೇಡ. 'ಯಾಕೆ ಬರ್ಬೇಕು ಅಜ್ಜಿ' ಅಂತ ನನ್ನನ್ನೇ ಎದುರು ಕೇಳ್ಬೇಕು. ಅಷ್ಟಾದ್ರೆ ಸಾಕು ನಂಗೆ."