ನಾಕು ಕಂಬದ ಮನೆ

ನಮ್ಮದು ಗಾವಡಗೆರೆ ಕಡೆಯ ದೊಡ್ಡ ತೊಟ್ಟಿಮನೆ. ನಡುವೆ ಬಿಸಿಲು ಬೀಳೋ ತೊಟ್ಟಿ, ಸುತ್ತ ಕಲ್ಲಿನ ಜಗಲಿ, ಮೇಲೆ ಹೆಂಚು. ಊರಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಅದನ್ನ ನಾನು ಯಾರಿಗೂ ಮರೆಯೋಕೆ ಬಿಡ್ತಿರಲಿಲ್ಲ. ಆಗ ನನಗೆ ಒಂಬತ್ತು ವರ್ಷ, ನನ್ನ ಜಂಬಕ್ಕೆ ತೊಂಬತ್ತು.

ಒಂದಿನ ಮೇಷ್ಟ್ರು ಬೋರ್ಡಿನ ಮೇಲೆ ಪ್ರಪಂಚದ ಮನೆಗಳನ್ನ ಬರೆದರು. ಹಿಮದ ದೇಶದಲ್ಲಿ ಮರ ಬೆಳೆಯಲ್ಲ, ಬೇಟೆಗೆ ಹೋದವರು ಹಿಮವನ್ನೇ ಇಟ್ಟಿಗೆ ಥರ ಕೊಯ್ದು ಗುಮ್ಮಟ ಕಟ್ಟಿ ಒಳಗೆ ಬೆಚ್ಚಗಿರ್ತಾರೆ. ಮರಳುಗಾಡಲ್ಲಿ ಒಂಟೆ ಜತೆ ಅಲೆಯೋರು ಡೇರೆ ಬಿಚ್ಚಿ ಹೇರಿಕೊಂಡು ಹೋಗ್ತಾರೆ. ಕಾಶ್ಮೀರದಲ್ಲಿ ಕೆಲವರಿಗೆ ದೋಣಿಯೇ ಮನೆ. ಇನ್ನೆಲ್ಲೋ ನೀರು, ಹಾವಿನ ಕಾಟಕ್ಕೆ ಕಂಬ ನೆಟ್ಟು, ಅದರ ಮೇಲೆ ಮನೆ ಕಟ್ಟಿ, ಏಣಿ ಹತ್ತಿ ಹೋಗ್ತಾರೆ. "ಎಲ್ಲಿ ಏನು ಸಿಗ್ತದೋ ಅದರಲ್ಲೇ ಮನೆ ಕಣ್ರಪ್ಪಾ" ಅಂದರು.

ತೊಟ್ಟಿಮನೆ ಈಗ ಬರುತ್ತೆ, ಆಗ ಬರುತ್ತೆ ಅಂತ ಕಾದೆ. ಬರಲೇ ಇಲ್ಲ. ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟು ಹಿಂದಿನ ಸಾಲಿನ ಹುಡುಗಿಯೊಬ್ಬಳನ್ನ ಎಬ್ಬಿಸಿ ನಿಲ್ಲಿಸಿದರು. "ಕಂಬದ ಮೇಲಿನ ಮನೆ ನಮ್ಮ ಕ್ಲಾಸಲ್ಲೇ ಒಂದದೆ. ಸೋಮವಾರ ಎಲ್ಲಾರೂ ಹೋಗಿ ನೋಡಣ. ಇವಳೇ ಮೇಲೆ ನಿಂತು ಹೇಳ್ತಾಳೆ."

ಇವಳು ಅಂದರೆ ಯಾರು? ನಮ್ಮ ಹೊಲ ಕಾಯೋರ ಮಗಳು! ಎಚ್.ಡಿ. ಕೋಟೆ ಕಡೆಯಿಂದ ಬಂದ ಅವರು ರಾಗಿಗೆ ಹಂದಿ ನುಗ್ಗದ ಹಾಗೆ ಕಾಯುತ್ತಾ ಹೊಲದ ಅಟ್ಟಣೆ ಮೇಲೇ ಇರುತ್ತಿದ್ದರು. ನಾಕು ಕಂಬ, ಬಿದಿರು ತಟ್ಟಿ, ಮೇಲೊಂದಿಷ್ಟು ಹುಲ್ಲು. ಅದೂ ಒಂದು ಮನೆಯಾ?

"ಮೇಷ್ಟ್ರೇ, ನಮ್ಮನೆ?" ಅಂದೆ.

"ನಿಮ್ಮನೆ ಎಲ್ಲಾರೂ ನೋಡಿರೋದೇ, ಕೂತ್ಕೊಳವ್ವ."

ಹೊಟ್ಟೆ ಉರಿದುಹೋಯಿತು. ಮಧ್ಯಾಹ್ನ ಹುಡುಗೀರೆಲ್ಲ ಅವಳ ಸುತ್ತ. ನಾನು ಜಡೆಗೆ ಹೊಸ ಟೇಪು ಕಟ್ಟಿದ್ದೆ, ಒಬ್ಬಳಾದರೂ ಕಣ್ಣೆತ್ತಿ ನೋಡಿದಳಾ? ಅವಳೇ ನನ್ನ ಹತ್ರ ಬಂದು "ಅಮ್ಮಣ್ಣಿ, ಮೊದ್ಲು ನಿಮ್ಮನ್ನೇ ಅತ್ತಿಸ್ತೀನಿ" ಅಂದಳು. ಹೊಲ ನಮ್ಮದು, ಕಂಬ ನಮ್ಮದು, ಇವಳು ನನ್ನನ್ನ ಹತ್ತಿಸ್ತಾಳಂತೆ!

ರಾಗಿ ಕೊಯ್ದಾಗಿತ್ತು. ಕಂತೆಯೆಲ್ಲ ಕಣಕ್ಕೆ ಬಂದ ಮೇಲೆ ಅಟ್ಟಣೆ ಬಿಚ್ಚೋದು ವರ್ಷವರ್ಷದ ಪದ್ಧತಿ. ಅದಕ್ಕಿನ್ನೂ ಎಂಟು ದಿನವಿತ್ತು. ಅಟ್ಟಣೆ ಇಲ್ಲದಿದ್ದರೆ ಮೇಷ್ಟ್ರು ನಮ್ಮನೆಗೇ ಬರಬೇಕು ತಾನೇ? ಭಾನುವಾರ ಬೆಳಿಗ್ಗೆ ಎಲೆ ಅಡಿಕೆ ಹಾಕ್ಕೊತಿದ್ದ ಅಪ್ಪಾಜಿ ಪಕ್ಕ ಹೋಗಿ ಕೂತೆ. "ಕೊಟ್ಟಿಗೆಗೆ ಕಂಬ ಬೇಕು ಅಂತಿದ್ರಲ್ಲ ಅಪ್ಪಾಜಿ, ಅಟ್ಟಣೇದು ಇವತ್ತೇ ಬಿಚ್ಚಿಸಿ" ಅಂದೆ. "ಹೂಂ, ಅದೂ ಸರಿ" ಅಂದು ಅವರು ಆಳುಗಳನ್ನ ಕೂಗಿದರು. ಅಷ್ಟು ಸಲೀಸಾಗಿ ಆಗಿಹೋಯಿತು.

ಸೋಮವಾರ ಕ್ಲಾಸಿಗೆ ಕ್ಲಾಸೇ ಹೋಗಿ ನೋಡಿದರೆ ಕೊಯ್ದ ರಾಗಿಯ ಕೂಳೆ ನಡುವೆ ನಾಕು ಗುಂಡಿ. ಮೇಷ್ಟ್ರು ಪೆಚ್ಚಾದರು. ಅಟ್ಟಣೆ ಬಿಚ್ಚಿದ್ದನ್ನ ಅವಳು ಯಾರಿಗೂ ಹೇಳಿರಲಿಲ್ಲ. ಸೀದಾ ಗುಂಡಿಗಳ ನಡುವೆ ಹೋಗಿ ಕೈ ಮೇಲೆತ್ತಿದಳು.

"ಇಲ್ಲಿ ಏಣಿ. ಅತ್ತಿದ ತಕ್ಷಣ ಬಗ್ಬೇಕು, ಇಲ್ದಿದ್ರೆ ತಲೆಗೆ ಗಳ ತಗಲ್ತದೆ. ಅಲ್ಲಿ ನಮ್ಮವ್ವ ಮಲಗೋದು. ಆ ಮೂಲೇಲಿ ನಾನು, ಅಲ್ಲಿ ಗಾಳಿ ಕಮ್ಮಿ. ಕಾಡಂದಿ ಬಂದ್ರೆ ಅಪ್ಪ ಇಲ್ಲಿ ಕುಂತು ಡಬ್ಬ ಬಡೀತಾನೆ."

ಎಲ್ಲರೂ ಬರೀ ಆಕಾಶಾನ ಬಾಯಿಬಿಟ್ಟುಕೊಂಡು ನೋಡ್ತಿದ್ದರು. ಒಬ್ಬನಂತೂ ಗಳ ತಗಲೀತು ಅಂತ ತಲೆ ಬಗ್ಗಿಸಿಯೇಬಿಟ್ಟ. ನಾನೂ ಮೇಲೆ ನೋಡ್ತಿದ್ದೆ, ಹಾಳಾದ್ದು! ಇಲ್ಲದ ಮನೆ ತೋರಿಸಿ ಗೆದ್ದುಬಿಟ್ಟಳಲ್ಲ!

ವಾಪಸ್ಸು ಬರುವಾಗ ಅಮ್ಮ ಎಲ್ಲರನ್ನೂ ಕರೆದು ಮಜ್ಜಿಗೆ ಕೊಟ್ಟಳು. ಜಗಲಿ ತುಂಬ ಮಕ್ಕಳು, ಮಾತೆಲ್ಲ ಅಟ್ಟಣೇದೇ. ನಮ್ಮ ತೊಟ್ಟೀನ ಒಬ್ಬರೂ ಕೇಳಲಿಲ್ಲ. ಅವಳು ಹೊಸ್ತಿಲಾಚೆ ಕೂತಿದ್ದಳು. ನನಗೆ ತಡೀಲಿಲ್ಲ, ಎಲ್ಲರಿಗೂ ಕೇಳೋ ಹಾಗೆ "ನೆನ್ನೆ ರಾತ್ರಿ ಎಲ್ಲೇ ಮಲಗಿದ್ರಿ?" ಅಂತ ಕೆಣಕಿದೆ.

"ನಿಮ್ಮ ಹುಲ್ಲಿನ ಮೆದೆ ಪಕ್ಕ ಅಮ್ಮಣ್ಣಿ. ವಸಿ ಚಳಿ."

ಅಷ್ಟು ಹೇಳಿ ಅತ್ತ ಕೊಟ್ಟಿಗೆ ಕಡೆ ತಿರುಗಿದಳು. ಗೋಡೆಗೆ ಒರಗಿಸಿದ್ದ ಕಂಬಗಳ ಬುಡದಲ್ಲಿ ಹೊಲದ ಮಣ್ಣು ಇನ್ನೂ ಹಾಗೇ ಇತ್ತು. ಅವಳ ಮುಖ ಅರಳಿತು.

"ಅಗೋ ನೋಡಿ ಅಮ್ಮಣ್ಣಿ, ನಮ್ಮನೆ ನಿಮ್ಮನೆಗೇ ಬಂದ್ಬುಟ್ಟದೆ!"

ನನ್ನ ಲೋಟದ ಮಜ್ಜಿಗೆ ಹಾಗೇ ಉಳೀತು.